ಯಾಂತ್ರಿಕ ವೇಗಮಾಪಕದ ದೋಷ: ಪರೀಕ್ಷಿಸುವ ಹಾಗೂ ಸರಿಪಡಿಸುವ ವಿಧಾನ

(ವಾಹನ ಮಾಲೀಕರ ಮತ್ತು ಅರ್ಜಿದಾರರ ಮಾಹಿತಿಗಾಗಿ)

1. ಪೀಠಿಕೆ

ವಾಹನವು ಚಲಿಸುತ್ತಿರುವ ವೇಗವನ್ನು ಚಾಲಕನಿಗೆ ತಿಳಿಸುವ ಸಾಧನವೇ ವೇಗಮಾಪಕ. ಇಂದಿನ ಹೊಸ ವಾಹನಗಳಲ್ಲಿ ಈ ಕಾರ್ಯವನ್ನು ವಿದ್ಯುನ್ಮಾನ ಸಂವೇದಕಗಳು ನಿರ್ವಹಿಸುತ್ತವೆ. ಆದರೆ ಹಳೆಯ ಅಂಬಾಸಡರ್ ಮತ್ತು ಪ್ರೀಮಿಯರ್ ಪದ್ಮಿನಿ ಕಾರುಗಳು, ಪೆಟ್ರೋಲ್ ಚಾಲಿತ ಬಜಾಜ್ ಚೇತಕ್ ಸ್ಕೂಟರ್‌ಗಳು, ಹಳೆಯ ಬುಲೆಟ್ ಮೋಟಾರ್ ಸೈಕಲ್‌ಗಳು, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1996ರವರೆಗೆ ತಯಾರಾದ ಯೆಜ್ಡಿ ವಾಹನಗಳು ಹಾಗೂ ಹಲವು ಹಳೆಯ ಸರಕು ವಾಹನಗಳಲ್ಲಿ ಕೇಬಲ್‌ನಿಂದ ನಡೆಯುವ ಯಾಂತ್ರಿಕ ವೇಗಮಾಪಕಗಳೇ ಇವೆ.

ಯಾಂತ್ರಿಕ ವೇಗಮಾಪಕವು ಕೆಟ್ಟು ನಿಂತರೆ ಚಾಲಕನಿಗೆ ಅದು ಕೂಡಲೇ ತಿಳಿಯುತ್ತದೆ. ನಡೆಯುತ್ತಿದ್ದೂ ತಪ್ಪು ವೇಗ ತೋರಿಸಿದರೆ ಅದು ಸುಲಭವಾಗಿ ತಿಳಿಯುವುದಿಲ್ಲ. ಇಂತಹ ಸಂದರ್ಭದಲ್ಲಿ ಅನೇಕ ಮಾಲೀಕರು ದೋಷವು ಎಲ್ಲಿದೆಯೆಂದು ಪರಿಶೀಲಿಸದೆ ಇಡೀ ಮೀಟರನ್ನೇ ಬದಲಾಯಿಸುತ್ತಾರೆ ಅಥವಾ ಮುಳ್ಳನ್ನು ಕಿತ್ತು ಬೇರೆ ಸ್ಥಾನದಲ್ಲಿ ಕೂರಿಸುತ್ತಾರೆ. ಇದರಿಂದ ಹಣ ವ್ಯಯವಾಗುವುದಲ್ಲದೆ ದೋಷವೂ ಉಳಿಯುತ್ತದೆ. ದೋಷದ ಮೂಲವನ್ನು ಮೊದಲು ಗುರುತಿಸಿ, ಅನಂತರ ಆ ಭಾಗವನ್ನು ಮಾತ್ರ ಸರಿಪಡಿಸುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

2. ಈ ಮಾಹಿತಿಯು ಯಾರಿಗೆ ಉಪಯುಕ್ತ

(ಅ) ಸಾರಿಗೆ ವಾಹನಗಳ ಅರ್ಹತಾ ಪತ್ರವನ್ನು ನವೀಕರಿಸಲು ಅರ್ಜಿ ಸಲ್ಲಿಸುವವರು.

(ಆ) ನೋಂದಣಿಯಾಗಿ 15 ವರ್ಷ ಪೂರ್ಣಗೊಂಡ ಖಾಸಗಿ ವಾಹನಗಳ ನೋಂದಣಿ ನವೀಕರಣಕ್ಕಾಗಿ ಅರ್ಜಿ ಸಲ್ಲಿಸುವವರು.

(ಇ) ಹಳೆಯ ವಾಹನವನ್ನು ಖರೀದಿಸುವವರು ಹಾಗೂ 50 ವರ್ಷಕ್ಕಿಂತ ಹಳೆಯ ಪಾರಂಪರಿಕ ವಾಹನಗಳ ಮಾಲೀಕರು.

3. ಕಾನೂನಿನ ಅವಕಾಶಗಳು

3.1 ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರ ನಿಯಮ 117 ವೇಗಮಾಪಕಕ್ಕೆ ಸಂಬಂಧಿಸಿದೆ. ಅರ್ಹತಾ ಪರೀಕ್ಷೆಯ ಕಾಲದಲ್ಲಿ ಬ್ರೇಕ್, ದೀಪ, ಸ್ಟಿಯರಿಂಗ್ ಮುಂತಾದವುಗಳೊಂದಿಗೆ ವೇಗಮಾಪಕವೂ ಪರಿಶೀಲನೆಗೆ ಒಳಪಡುತ್ತದೆ.

3.2 ಮೋಟಾರು ವಾಹನಗಳ ಅಧಿನಿಯಮ, 1988ರ ಪ್ರಕರಣ 112ರಂತೆ ನಿಗದಿತ ಮಿತಿಯನ್ನು ಮೀರಿದ ವೇಗದಲ್ಲಿ ವಾಹನ ಚಲಾಯಿಸುವಂತಿಲ್ಲ. 2019ರ ತಿದ್ದುಪಡಿಯ ನಂತರ ಪ್ರಕರಣ 183ರಂತೆ ಅತಿವೇಗಕ್ಕೆ ಲಘು ಮೋಟಾರು ವಾಹನಗಳಿಗೆ 1,000ದಿಂದ 2,000 ರೂಪಾಯಿಗಳವರೆಗೆ, ಮಧ್ಯಮ ಮತ್ತು ಭಾರಿ ವಾಹನಗಳಿಗೆ 2,000ದಿಂದ 4,000 ರೂಪಾಯಿಗಳವರೆಗೆ ದಂಡ ವಿಧಿಸಬಹುದಾಗಿದೆ. ಪೊಲೀಸರ ಉಪಕರಣವು ಅಳೆಯುವುದು ವಾಹನದ ನೈಜ ವೇಗವನ್ನು. ವಾಹನದೊಳಗಿನ ಮುಳ್ಳು ಎಷ್ಟು ತೋರಿಸುತ್ತಿತ್ತು ಎಂಬುದನ್ನಲ್ಲ.

3.3 ಸಾಮಾನ್ಯ ಎಚ್ಚರಿಕೆಯಿಂದ ಪತ್ತೆ ಹಚ್ಚಬಹುದಾಗಿದ್ದ ಹಾಗೂ ರಸ್ತೆ ಬಳಸುವವರಿಗೆ ಅಪಾಯ ಉಂಟುಮಾಡುವಂತಹ ದೋಷವಿರುವ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಚಲಾಯಿಸುವುದು ಪ್ರಕರಣ 190ರಂತೆ ದಂಡನೀಯ.

3.4 ವೇಗಮಾಪಕದ ವಿವರವು ನೋಂದಣಿ ಪತ್ರದಲ್ಲಿ ನಮೂದಾಗಿರುವುದಿಲ್ಲ. ಆದುದರಿಂದ ಅದೇ ಮಾದರಿಯ ಮೀಟರ್, ಕೇಬಲ್ ಅಥವಾ ಹಲ್ಲುಚಕ್ರವನ್ನು ದುರಸ್ತಿ ಮಾಡಿಸಲು ಅಥವಾ ಬದಲಾಯಿಸಲು ಪ್ರಕರಣ 52ರಂತೆ ಪೂರ್ವಾನುಮತಿ ಪಡೆಯುವ ಪ್ರಸಂಗ ಬರುವುದಿಲ್ಲ. ಆದರೆ ತಯಾರಕರು ಸೂಚಿಸದ ಅಳತೆಯ ಚಕ್ರ ಅಥವಾ ಟೈರನ್ನು ಅಳವಡಿಸುವುದು ಬೇರೆಯೇ ವಿಷಯವಾಗಿದ್ದು, ಅಕ್ರಮ ಮಾರ್ಪಾಡಿನ ಪ್ರಶ್ನೆ ಉದ್ಭವಿಸಬಹುದು. ಅಂತಹ ಮಾರ್ಪಾಡಿಗೆ ಪ್ರಕರಣ 182ಎ ಅಡಿಯಲ್ಲಿ ಮಾಲೀಕರ ಮೇಲೆ ಕ್ರಮ ಜರುಗಿಸಲು ಅವಕಾಶವಿದೆ.

4. ಯಾಂತ್ರಿಕ ವೇಗಮಾಪಕದ ರಚನೆ

ಬಹುತೇಕ ಯಾಂತ್ರಿಕ ವೇಗಮಾಪಕಗಳು ಸುಳಿ ವಿದ್ಯುತ್ ತತ್ತ್ವದ ಮೇಲೆ ಕೆಲಸ ಮಾಡುತ್ತವೆ. ಈ ತತ್ತ್ವದ ವೇಗಮಾಪಕಕ್ಕೆ ಒಟ್ಟೊ ಶುಲ್ಜೆ ಎಂಬುವರು 1902ರಲ್ಲಿ ಜರ್ಮನಿಯಲ್ಲಿ ಪೇಟೆಂಟ್ ಪಡೆದರು. ಮೂಲ ರಚನೆಯು ಅಂದಿನಿಂದ ಹೆಚ್ಚು ಬದಲಾಗಿಲ್ಲ.

ಕಾರು ಮತ್ತು ಸರಕು ವಾಹನಗಳಲ್ಲಿ ಗೇರ್ ಪೆಟ್ಟಿಗೆಯ ಹಿಂತುದಿಯಲ್ಲಿರುವ ಒಂದು ಸಣ್ಣ ಹಲ್ಲುಚಕ್ರವು ಕೇಬಲನ್ನು ತಿರುಗಿಸುತ್ತದೆ. ಅನೇಕ ದ್ವಿಚಕ್ರ ವಾಹನಗಳಲ್ಲಿ ಈ ಚಾಲನೆ ಮುಂಚಕ್ರದ ಗುಂಬದಿಂದ ದೊರೆಯುತ್ತದೆ. ಕೇಬಲ್‌ನ ಒಳತಂತಿಯು ಮೀಟರ್‌ನೊಳಗಿನ ಒಂದು ಶಾಶ್ವತ ಅಯಸ್ಕಾಂತವನ್ನು ತಿರುಗಿಸುತ್ತದೆ. ಅಯಸ್ಕಾಂತದ ಹತ್ತಿರದಲ್ಲಿ, ಅದಕ್ಕೆ ತಾಗದಂತೆ, ಅಲ್ಯೂಮಿನಿಯಂ ಬಟ್ಟಲೊಂದಿರುತ್ತದೆ. ತಿರುಗುವ ಅಯಸ್ಕಾಂತವು ಈ ಬಟ್ಟಲಿನಲ್ಲಿ ಸುಳಿ ವಿದ್ಯುತ್ತನ್ನು ಉಂಟುಮಾಡಿ ಅದನ್ನು ತನ್ನ ಜೊತೆಗೆ ಎಳೆಯಲು ಯತ್ನಿಸುತ್ತದೆ. ಬಟ್ಟಲಿನ ಅಕ್ಷಕ್ಕೆ ಜೋಡಿಸಿದ ಸಣ್ಣ ಸುರುಳಿ ಸ್ಪ್ರಿಂಗ್ ಅದನ್ನು ಹಿಂದಕ್ಕೆ ಎಳೆಯುತ್ತದೆ. ಎರಡೂ ಬಲಗಳು ಸಮನಾದ ಸ್ಥಾನದಲ್ಲಿ ಬಟ್ಟಲು ನಿಲ್ಲುತ್ತದೆ. ಅದರ ಅಕ್ಷದ ತುದಿಯಲ್ಲಿರುವ ಮುಳ್ಳು ವೇಗವನ್ನು ತೋರಿಸುತ್ತದೆ.

ಕ್ರಮಿಸಿದ ಕಿಲೋಮೀಟರ್‌ಗಳನ್ನು ಎಣಿಸುವ ದೂರಮಾಪಕವೂ ಇದೇ ಕೇಬಲ್‌ನಿಂದಲೇ ನಡೆಯುತ್ತದೆ. ಆದರೆ ಅದು ನೇರವಾಗಿ ಹಲ್ಲುಚಕ್ರಗಳಿಂದ ನಡೆಯುವುದರಿಂದ ಅಯಸ್ಕಾಂತವಾಗಲಿ ಸ್ಪ್ರಿಂಗ್ ಆಗಲಿ ಅದರ ಮೇಲೆ ಪರಿಣಾಮ ಬೀರುವುದಿಲ್ಲ. ಈ ಒಂದು ಅಂಶವೇ ದೋಷ ಪತ್ತೆಗೆ ಮುಖ್ಯ ಆಧಾರ. ಒಂದೇ ಕೇಬಲ್‌ನಿಂದ ನಡೆಯುವ ಎರಡು ಮಾಪಕಗಳಲ್ಲಿ ಎರಡೂ ಒಂದೇ ಪ್ರಮಾಣದಲ್ಲಿ ತಪ್ಪಿದ್ದರೆ ದೋಷವು ಸಾಮಾನ್ಯವಾಗಿ ಮೀಟರ್‌ಗಿಂತ ಹಿಂದೆ, ಅಂದರೆ ಚಕ್ರ, ಟೈರು ಅಥವಾ ಚಾಲನಾ ಹಲ್ಲುಚಕ್ರದಲ್ಲಿರುತ್ತದೆ. ದೂರಮಾಪಕ ಸರಿಯಿದ್ದು ವೇಗ ಮಾತ್ರ ತಪ್ಪಿದ್ದರೆ ದೋಷವು ಮೀಟರ್‌ನೊಳಗಿದೆ.

5. ಪರೀಕ್ಷೆಗೆ ಮೊದಲು

(ಅ) ಟೈರುಗಳ ಅಳತೆಯು ತಯಾರಕರು ಸೂಚಿಸಿದ ಅಳತೆಯೇ ಆಗಿರುವುದನ್ನು ಖಚಿತಪಡಿಸಿಕೊಳ್ಳುವುದು. ಟೈರುಗಳು ತಣ್ಣಗಿರುವಾಗ ಗಾಳಿಯ ಒತ್ತಡವನ್ನು ಸರಿಪಡಿಸುವುದು.

(ಆ) ನೇರವಾದ, ಸಮತಟ್ಟಾದ, ವಾಹನ ದಟ್ಟಣೆ ಕಡಿಮೆಯಿರುವ ರಸ್ತೆಯನ್ನು ಆಯ್ದುಕೊಳ್ಳುವುದು. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನಗಳ ಸಂಚಾರವನ್ನು 2023ರ ಆಗಸ್ಟ್ 1ರಿಂದ ನಿಷೇಧಿಸಿರುವುದರಿಂದ ಅಂತಹ ವಾಹನಗಳ ಪರೀಕ್ಷೆಗೆ ಬೇರೆ ರಸ್ತೆಯನ್ನು ಬಳಸುವುದು.

(ಇ) ಕಾರು ಮುಂತಾದ ವಾಹನಗಳಲ್ಲಿ ಸಮಯ ನೋಡಲು ಮತ್ತು ಬರೆದುಕೊಳ್ಳಲು ಚಾಲಕನಲ್ಲದೆ ಇನ್ನೊಬ್ಬ ವ್ಯಕ್ತಿ ಇರತಕ್ಕದ್ದು. ಚಾಲಕನು ಗಡಿಯಾರವನ್ನಾಗಲಿ ಮೊಬೈಲ್ ಫೋನನ್ನಾಗಲಿ ಕೈಯಲ್ಲಿ ಹಿಡಿಯಬಾರದು. ದ್ವಿಚಕ್ರ ವಾಹನದಲ್ಲಿ ಈ ಕೆಲಸವನ್ನು ಹಿಂಬದಿಯ ಸವಾರರಿಗೆ ವಹಿಸುವುದು.

(ಈ) ಯಾವ ಹಂತದಲ್ಲಿಯೂ ಆ ರಸ್ತೆಯ ವೇಗಮಿತಿಯನ್ನು ಮೀರಬಾರದು. ಮೀಟರ್ ಕಡಿಮೆ ತೋರಿಸುವ ಸಂಭವವಿರುವುದರಿಂದ ಪರೀಕ್ಷೆಯ ವೇಗವನ್ನು ಮಿತಿಗಿಂತ ಸಾಕಷ್ಟು ಕೆಳಗೆ ಇರಿಸಿಕೊಳ್ಳುವುದು.

6. ಎರಡು ಪರೀಕ್ಷೆಗಳು

6.1 ದೂರದ ಪರೀಕ್ಷೆ

ಹೆದ್ದಾರಿಯ ಕಿಲೋಮೀಟರ್ ಕಲ್ಲುಗಳನ್ನು ಆಧರಿಸಿ 10 ಕಿ.ಮೀ. ದೂರವನ್ನು ಕ್ರಮಿಸಿ, ಆರಂಭದ ಮತ್ತು ಕೊನೆಯ ಕಲ್ಲುಗಳ ಬಳಿ ದೂರಮಾಪಕದ ಅಂಕಿಗಳನ್ನು ಬರೆದುಕೊಳ್ಳುವುದು. ರಸ್ತೆಯ ತಿರುವನ್ನು ನೇರಗೊಳಿಸಿದ ಅಥವಾ ಬಳಸುದಾರಿ ನಿರ್ಮಿಸಿದ ಕಡೆಗಳಲ್ಲಿ ಎರಡು ಕಲ್ಲುಗಳ ನಡುವಿನ ಅಂತರವು ನಿಖರವಾಗಿ ಒಂದು ಕಿಲೋಮೀಟರ್ ಇಲ್ಲದಿರಬಹುದು. ಆದುದರಿಂದ ಒಂದೇ ಕಿಲೋಮೀಟರನ್ನು ನಂಬದೆ ಹಳೆಯ ಜಾಡಿನಲ್ಲಿಯೇ ಇರುವ ರಸ್ತೆಯಲ್ಲಿ ಹತ್ತು ಕಲ್ಲುಗಳ ಅಂತರವನ್ನು ತೆಗೆದುಕೊಳ್ಳುವುದು.

6.2 ವೇಗದ ಪರೀಕ್ಷೆ

ಮುಳ್ಳನ್ನು ಒಂದು ನಿಗದಿತ ಅಂಕಿಯ ಮೇಲೆ ಸ್ಥಿರವಾಗಿ ಇರಿಸಿಕೊಂಡು, ಒಂದು ಕಲ್ಲಿನಿಂದ ಮುಂದಿನ ಕಲ್ಲಿಗೆ ತಲುಪಲು ಹಿಡಿಯುವ ಸಮಯವನ್ನು ಸೆಕೆಂಡುಗಳಲ್ಲಿ ಅಳೆಯುವುದು. 3,600ನ್ನು ಆ ಸೆಕೆಂಡುಗಳಿಂದ ಭಾಗಿಸಿದರೆ ಗಂಟೆಗೆ ಕಿಲೋಮೀಟರ್ ಲೆಕ್ಕದಲ್ಲಿ ನೈಜ ವೇಗ ದೊರೆಯುತ್ತದೆ. ಉದಾಹರಣೆಗೆ:

120 ಸೆಕೆಂಡು – ಗಂಟೆಗೆ 30 ಕಿ.ಮೀ.
90 ಸೆಕೆಂಡು – ಗಂಟೆಗೆ 40 ಕಿ.ಮೀ.
72 ಸೆಕೆಂಡು – ಗಂಟೆಗೆ 50 ಕಿ.ಮೀ.
60 ಸೆಕೆಂಡು – ಗಂಟೆಗೆ 60 ಕಿ.ಮೀ.
45 ಸೆಕೆಂಡು – ಗಂಟೆಗೆ 80 ಕಿ.ಮೀ.

ಎರಡು ದಿಕ್ಕುಗಳಲ್ಲಿಯೂ ಪರೀಕ್ಷೆ ನಡೆಸಿ ಸರಾಸರಿ ತೆಗೆದುಕೊಳ್ಳುವುದು ಉತ್ತಮ. ಮೊಬೈಲ್ ಫೋನಿನ ಜಿ.ಪಿ.ಎಸ್. ವೇಗವನ್ನೂ ಹೋಲಿಕೆಗೆ ಬಳಸಬಹುದು. ಆದರೆ ಅದರ ಅಂಕಿ ಸ್ವಲ್ಪ ತಡವಾಗಿ ಬದಲಾಗುವುದರಿಂದ ತೆರೆದ ಆಕಾಶದ ಕೆಳಗೆ, ನೇರ ರಸ್ತೆಯಲ್ಲಿ, ಕನಿಷ್ಠ 10 ಸೆಕೆಂಡು ಒಂದೇ ವೇಗದಲ್ಲಿ ಚಲಿಸಿದ ನಂತರವೇ ಅಂಕಿಯನ್ನು ಗಮನಿಸುವುದು. ಒಂದೇ ವೇಗದಲ್ಲಿ ಪರೀಕ್ಷಿಸಿದರೆ ಸಾಲದು. ಕನಿಷ್ಠ 30, 40 ಮತ್ತು 60ರಲ್ಲಿ ಪರೀಕ್ಷಿಸುವುದು.

7. ಫಲಿತಾಂಶವನ್ನು ಅರ್ಥೈಸುವ ಕ್ರಮ

7.1 ಮೊದಲನೆಯ ಸಂದರ್ಭ: 10 ಕಿ.ಮೀ. ದೂರಕ್ಕೆ ದೂರಮಾಪಕವು 9.2 ತೋರಿಸಿದೆ, ಮುಳ್ಳು 60ರಲ್ಲಿದ್ದಾಗ ಒಂದು ಕಿಲೋಮೀಟರ್‌ಗೆ 55.2 ಸೆಕೆಂಡು ಹಿಡಿದಿದೆ, ಅಂದರೆ ನೈಜ ವೇಗ ಸುಮಾರು 65. ದೂರವೂ ವೇಗವೂ ಶೇಕಡ 8ರಷ್ಟೇ ಕಡಿಮೆ ತೋರಿಸುತ್ತಿರುವುದರಿಂದ ಅಯಸ್ಕಾಂತ, ಸ್ಪ್ರಿಂಗ್ ಮತ್ತು ಮುಳ್ಳು ಸರಿಯಾಗಿವೆ. ಕೇಬಲ್ ತಿರುಗಬೇಕಾದಷ್ಟು ತಿರುಗುತ್ತಿಲ್ಲ. ನಿಗದಿಗಿಂತ ದೊಡ್ಡ ಟೈರು, ಬೇರೆ ಮಾದರಿಯ ಚಾಲನಾ ಹಲ್ಲುಚಕ್ರ ಅಥವಾ ಬೇರೆ ವಾಹನದಿಂದ ತಂದು ಅಳವಡಿಸಿದ ಮೀಟರ್ ಇದಕ್ಕೆ ಕಾರಣ.

7.2 ಎರಡನೆಯ ಸಂದರ್ಭ: ದೂರಮಾಪಕವು 10 ಕಿ.ಮೀ.ಗೆ 10 ತೋರಿಸಿದೆ. ಆದರೆ ಮುಳ್ಳು 60ರಲ್ಲಿದ್ದಾಗ ಒಂದು ಕಿಲೋಮೀಟರ್‌ಗೆ 52 ಸೆಕೆಂಡು ಹಿಡಿದಿದೆ. ನೈಜ ವೇಗ 69. ಇಲ್ಲಿ ದೋಷವು ಮೀಟರ್‌ನೊಳಗಿದೆ. ಕಾಲಕ್ರಮೇಣ ಅಯಸ್ಕಾಂತವು ಬಲಗುಂದಿರುವುದು ಸಾಮಾನ್ಯ ಕಾರಣ. ಸ್ಪ್ರಿಂಗ್ ಬಲಗುಂದಿದ್ದರೆ ಇದಕ್ಕೆ ವಿರುದ್ಧವಾಗಿ ಮುಳ್ಳು ಹೆಚ್ಚು ವೇಗ ತೋರಿಸುತ್ತದೆ.

7.3 ಮೂರನೆಯ ಸಂದರ್ಭ: ಎಲ್ಲ ವೇಗಗಳಲ್ಲಿಯೂ ಒಂದೇ ಸಂಖ್ಯೆಯಷ್ಟು ವ್ಯತ್ಯಾಸವಿದೆ, ಉದಾಹರಣೆಗೆ 30ರಲ್ಲಿಯೂ 5, 60ರಲ್ಲಿಯೂ 5. ಇದು ಪ್ರಮಾಣದ ದೋಷವಲ್ಲ; ಮುಳ್ಳು ತನ್ನ ಸ್ಥಾನದಿಂದ ಸರಿದಿರುವುದರ ಲಕ್ಷಣ. ಮುಳ್ಳನ್ನು ಮರುಸ್ಥಾಪಿಸುವುದು ಯುಕ್ತವಾಗಿರುವುದು ಈ ಒಂದು ಸಂದರ್ಭದಲ್ಲಿ ಮಾತ್ರ.

7.4 ಇತರ ಲಕ್ಷಣಗಳು: ಮುಳ್ಳು ಹೊಯ್ದಾಡುತ್ತಿದ್ದರೆ ಕೇಬಲ್ ಒಣಗಿದೆ, ಬಾಗಿದೆ ಅಥವಾ ಮಡಿಚಿಕೊಂಡಿದೆ. ವಾಹನ ನಿಂತ ಮೇಲೂ ಮುಳ್ಳು ಸೊನ್ನೆಗೆ ಬಾರದಿದ್ದರೆ ಅಕ್ಷದಲ್ಲಿ ಕೊಳೆ ಸೇರಿದೆ ಅಥವಾ ಸ್ಪ್ರಿಂಗ್ ಕೆಟ್ಟಿದೆ. ಕಡಿಮೆ ವೇಗದಲ್ಲಿಯೂ ಮುಳ್ಳು ಕೊನೆಯ ಅಂಕಿಗೆ ಹಾರಿದರೆ ಕೇಬಲ್‌ನ ಗ್ರೀಸ್ ಮೀಟರ್‌ನೊಳಗೆ ಏರಿ ಬಟ್ಟಲು ಅಯಸ್ಕಾಂತಕ್ಕೆ ಅಂಟಿಕೊಂಡಿರುವ ಸಂಭವವಿದೆ. ವೇಗವೂ ದೂರವೂ ಎರಡೂ ನಿಂತಿದ್ದರೆ ಕೇಬಲ್ ತುಂಡಾಗಿದೆ ಅಥವಾ ಹಲ್ಲುಚಕ್ರ ಸವೆದಿದೆ.

7.5 ಸರಿಪಡಿಸುವ ಅಗತ್ಯವಿಲ್ಲದ ವ್ಯತ್ಯಾಸ: ವೇಗಮಾಪಕವು ನೈಜ ವೇಗಕ್ಕಿಂತ ಸ್ವಲ್ಪ ಹೆಚ್ಚು ತೋರಿಸುವಂತೆ ತಯಾರಕರೇ ಹೊಂದಿಸಿರುವುದುಂಟು. ವಿಶ್ವಸಂಸ್ಥೆಯ 39ನೇ ವಾಹನ ನಿಯಮದ ಪ್ರಕಾರ ಕಾರಿನ ವೇಗಮಾಪಕವು ನೈಜ ವೇಗಕ್ಕಿಂತ ಕಡಿಮೆ ತೋರಿಸಲೇಬಾರದು. ಹೆಚ್ಚು ತೋರಿಸಿದರೂ ಅದು ನೈಜ ವೇಗದ ಹತ್ತನೆಯ ಒಂದು ಭಾಗ ಹಾಗೂ 4 ಕಿ.ಮೀ.ಗಳ ಮೊತ್ತವನ್ನು ಮೀರಬಾರದು. ಈ ಲೆಕ್ಕದಂತೆ ನೈಜ ವೇಗ 60 ಇದ್ದಾಗ ಮುಳ್ಳು 60ರಿಂದ 70ರೊಳಗೆ ಇರಬಹುದು. ಇದು ಹೊಸ ಮಾದರಿಗಳ ಅನುಮೋದನೆಗೆ ಬಳಸುವ ಅಂತರರಾಷ್ಟ್ರೀಯ ಅಳತೆಗೋಲು; ಹಳೆಯ ವಾಹನದ ಮಾಲೀಕರಿಗೂ ಇದು ಉಪಯುಕ್ತ ಮಾರ್ಗದರ್ಶಿ. ಹೆಚ್ಚು ತೋರಿಸುವ ಮೀಟರ್‌ನಿಂದ ಪ್ರಯಾಣ ನಿಧಾನವಾಗಬಹುದು. ಕಡಿಮೆ ತೋರಿಸುವ ಮೀಟರ್‌ನಿಂದ ಪ್ರಾಣಾಪಾಯ ಉಂಟಾಗಬಹುದು. ಬ್ರೇಕ್ ಹಾಕಿದ ನಂತರ ವಾಹನವು ಕ್ರಮಿಸುವ ದೂರವು ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಎರಡನೆಯ ಸಂದರ್ಭದ ಚಾಲಕನು 60 ಎಂದು ಭಾವಿಸಿ 69ರಲ್ಲಿ ಚಲಿಸುತ್ತಿರುವಾಗ ಆತನ ವಾಹನ ನಿಲ್ಲಲು ಮೂರನೆಯ ಒಂದು ಭಾಗದಷ್ಟು ಹೆಚ್ಚು ದೂರ ಬೇಕಾಗುತ್ತದೆ.

8. ಸರಿಪಡಿಸುವ ವಿಧಾನ

8.1 ಟೈರು: ನಿಗದಿತ ಅಳತೆಯ ಟೈರನ್ನು ಮರಳಿ ಅಳವಡಿಸುವುದು ಮೊದಲ ಕ್ರಮ. ಸವೆದ ಟೈರಿನ ಸುತ್ತಳತೆ ಕಡಿಮೆಯಾಗುವುದರಿಂದ ಮೀಟರ್ ಹೆಚ್ಚು ತೋರಿಸುತ್ತದೆ. 300 ಮಿ.ಮೀ. ತ್ರಿಜ್ಯದ ಚಕ್ರದಲ್ಲಿ ಟೈರಿನ ಹೂವು 8 ಮಿ.ಮೀ.ನಿಂದ 2 ಮಿ.ಮೀ.ಗೆ ಸವೆದರೆ ವ್ಯತ್ಯಾಸವು ಶೇಕಡ 2ರಷ್ಟು ಮಾತ್ರ. ಇದಕ್ಕಿಂತ ದೊಡ್ಡ ದೋಷಕ್ಕೆ ಸವೆತವೊಂದನ್ನೇ ಕಾರಣವೆಂದು ಭಾವಿಸಬಾರದು.

8.2 ಕೇಬಲ್: ಮೀಟರ್‌ನ ಹಿಂಭಾಗದ ತಿರುಪನ್ನು ಬಿಚ್ಚಿ ಒಳತಂತಿಯನ್ನು ಹೊರತೆಗೆಯುವುದು. ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ, ಸಮತಟ್ಟಾದ ಮೇಜಿನ ಮೇಲೆ ಉರುಳಿಸುವುದು. ಉರುಳುವಾಗ ಎಲ್ಲಿಯಾದರೂ ಎದ್ದು ಬಿದ್ದರೆ ತಂತಿಯು ಬಾಗಿದೆ ಎಂದು ತಿಳಿದು ಬದಲಾಯಿಸುವುದು. ತೆಳುವಾಗಿ ಗ್ರೀಸ್ ಹಚ್ಚಿ ಮರಳಿ ಸೇರಿಸುವುದು. ಮೀಟರ್‌ನ ಕಡೆಗಿರುವ ಸುಮಾರು 20 ಸೆಂ.ಮೀ. ಭಾಗಕ್ಕೆ ಗ್ರೀಸ್ ಹಚ್ಚಬಾರದು. ಸುರುಳಿಯಾಗಿ ಹೆಣೆದ ತಂತಿಯು ತಿರುಗುವಾಗ ಗ್ರೀಸನ್ನು ಮೇಲಕ್ಕೆ ಒಯ್ದು ಮೀಟರ್‌ನೊಳಗೆ ಸೇರಿಸುತ್ತದೆ. ಹೊರಕವಚವನ್ನು ಅಳವಡಿಸುವಾಗ ಯಾವ ತಿರುವಿನ ತ್ರಿಜ್ಯವೂ 15 ಸೆಂ.ಮೀ.ಗಿಂತ ಕಡಿಮೆ ಇರದಂತೆ ಹಾಗೂ ಎಂಜಿನ್‌ನ ಬಿಸಿ ಕೊಳವೆಗೆ ತಾಗದಂತೆ ನೋಡಿಕೊಳ್ಳುವುದು.

8.3 ಕೇಬಲ್ ಸುತ್ತುಗಳ ಎಣಿಕೆ: ಅನೇಕ ಹಳೆಯ ಮೀಟರ್‌ಗಳ ಮುಖಫಲಕದ ಮೇಲೆ ಒಂದು ಸಣ್ಣ ಸಂಖ್ಯೆ ಮುದ್ರಿತವಾಗಿರುತ್ತದೆ. ಬ್ರಿಟನ್ನಿನ ಸ್ಮಿತ್ಸ್ ಸಂಸ್ಥೆಯ ಮೈಲಿ ಮೀಟರ್‌ಗಳಲ್ಲಿ ಈ ಸಂಖ್ಯೆಯು ಒಂದು ಮೈಲಿಗೆ ಕೇಬಲ್ ಎಷ್ಟು ಸುತ್ತು ತಿರುಗಬೇಕು ಎಂಬುದನ್ನು ಸೂಚಿಸುತ್ತದೆ. ಮೈಲಿಗೆ 1,000 ಸುತ್ತು ಎಂದರೆ ಕಿಲೋಮೀಟರ್‌ಗೆ 621 ಸುತ್ತು, ಅಂದರೆ 20 ಮೀಟರ್‌ಗೆ 12.4 ಸುತ್ತು. ಕೇಬಲನ್ನು ಮೀಟರ್‌ನಿಂದ ಬಿಡಿಸಿ, ಒಳತಂತಿಯ ತುದಿಗೆ ಒಂದು ರಟ್ಟಿನ ಮುಳ್ಳನ್ನು ಸಿಕ್ಕಿಸಿ, ಎಂಜಿನ್ ನಿಲ್ಲಿಸಿ ಗೇರ್ ತಟಸ್ಥದಲ್ಲಿರಿಸಿ, ಸಮತಟ್ಟಾದ ಅಂಗಳದಲ್ಲಿ ವಾಹನವನ್ನು ನಿಖರವಾಗಿ 20 ಮೀಟರ್ ದೂಡಿ ಸುತ್ತುಗಳನ್ನು ಎಣಿಸುವುದು. 12.4ರ ಬದಲು 11.4 ಸುತ್ತು ಬಂದರೆ ಕೇಬಲ್ ಶೇಕಡ 8ರಷ್ಟು ಕಡಿಮೆ ತಿರುಗುತ್ತಿದೆ ಎಂದು ಖಚಿತವಾಗುತ್ತದೆ. ಒಂದೇ ಹಿಂಚಕ್ರವನ್ನು ಜಾಕಿಯಿಂದ ಎತ್ತಿ ತಿರುಗಿಸಿದರೆ ಡಿಫರೆನ್ಶಿಯಲ್‌ನ ಕಾರಣದಿಂದ ಗೇರ್ ಪೆಟ್ಟಿಗೆಯ ಕೇಬಲ್ ಅರ್ಧದಷ್ಟು ಮಾತ್ರ ತಿರುಗುತ್ತದೆ. ಆದುದರಿಂದ ವಾಹನವನ್ನು ನೆಲದ ಮೇಲೆ ದೂಡುವುದೇ ಸರಿಯಾದ ಕ್ರಮ.

8.4 ಚಾಲನಾ ಹಲ್ಲುಚಕ್ರ: ಕೇಬಲನ್ನು ತಿರುಗಿಸುವ ಹಲ್ಲುಚಕ್ರದ ಹಲ್ಲುಗಳನ್ನು ಕಡಿಮೆ ಮಾಡಿದರೆ ಕೇಬಲ್ ಹೆಚ್ಚು ಸುತ್ತು ತಿರುಗುತ್ತದೆ. ಮೊದಲನೆಯ ಸಂದರ್ಭದಲ್ಲಿ ಹಲ್ಲುಚಕ್ರಕ್ಕೆ 20 ಹಲ್ಲುಗಳಿವೆ ಎಂದಿಟ್ಟುಕೊಳ್ಳೋಣ. ಶೇಕಡ 8ರ ಕೊರತೆಯನ್ನು ತುಂಬಲು 20ನ್ನು 0.92ರಿಂದ ಗುಣಿಸಬೇಕು, ಉತ್ತರ 18.4. ಅಪೂರ್ಣ ಸಂಖ್ಯೆಯ ಹಲ್ಲುಗಳಿರಲು ಸಾಧ್ಯವಿಲ್ಲ. 19 ಹಲ್ಲಿನದನ್ನು ಹಾಕಿದರೆ ಮೀಟರ್ ಇನ್ನೂ ಶೇಕಡ 3ರಷ್ಟು ಕಡಿಮೆ ತೋರಿಸುತ್ತದೆ. 18 ಹಲ್ಲಿನದನ್ನು ಹಾಕಿದರೆ ಶೇಕಡ 2ರಷ್ಟು ಹೆಚ್ಚು ತೋರಿಸುತ್ತದೆ. ಹೆಚ್ಚು ತೋರಿಸುವ 18ನ್ನೇ ಆಯ್ದುಕೊಳ್ಳತಕ್ಕದ್ದು. ಆ ಮಾದರಿಗೆ ಬೇರೆ ಹಲ್ಲುಚಕ್ರ ದೊರೆಯದಿದ್ದರೆ ಕೇಬಲ್ ಮತ್ತು ಗೇರ್ ಪೆಟ್ಟಿಗೆಯ ನಡುವೆ ಅಳವಡಿಸುವ ಅನುಪಾತ ಪೆಟ್ಟಿಗೆಯನ್ನು ಬಳಸಬಹುದು.

ದ್ವಿಚಕ್ರ ವಾಹನದ ಮುಂಚಕ್ರದ ಗುಂಬದಲ್ಲಿರುವ ಹಲ್ಲುಚಕ್ರಕ್ಕೆ ಗ್ರೀಸ್ ಹಚ್ಚುವಾಗ ಅದು ಬ್ರೇಕ್ ಶೂಗಳಿಗೆ ತಗಲದಂತೆ ಎಚ್ಚರ ವಹಿಸುವುದು.

8.5 ಮೀಟರ್: ಬಲಗುಂದಿದ ಅಯಸ್ಕಾಂತವನ್ನು ಪುನಃ ಕಾಂತೀಕರಿಸುವುದು, ಸ್ಪ್ರಿಂಗ್‌ನ ಬಿಗಿಯನ್ನು ಹೊಂದಿಸುವುದು ಮತ್ತು ಅಕ್ಷವನ್ನು ಶುಚಿಗೊಳಿಸುವುದು ಅನುಭವವುಳ್ಳ ಮೀಟರ್ ದುರಸ್ತಿಗಾರರ ಕೆಲಸ. ಅವರು ಮೀಟರನ್ನು ತಿಳಿದ ವೇಗದಲ್ಲಿ ತಿರುಗುವ ಯಂತ್ರಕ್ಕೆ ಜೋಡಿಸಿ ಹಲವು ವೇಗಗಳಲ್ಲಿ ಹೊಂದಿಸುತ್ತಾರೆ. ದುರಸ್ತಿಗೆ ಕೊಡುವಾಗ 6ನೇ ಕಂಡಿಕೆಯ ಪರೀಕ್ಷೆಗಳ ಅಂಕಿಗಳನ್ನು ಬರೆದುಕೊಡುವುದರಿಂದ ಅನಗತ್ಯ ಬದಲಾವಣೆಯನ್ನು ತಪ್ಪಿಸಬಹುದು. ಗುಜರಿಯಿಂದ ತಂದ ಮೀಟರ್ ನೋಡಲು ಒಂದೇ ರೀತಿ ಇದ್ದರೂ ಅದರ ಸುತ್ತುಗಳ ಸಂಖ್ಯೆ ಬೇರೆ ಇರಬಹುದು. ಮುಖಫಲಕದ ಸಂಖ್ಯೆಯನ್ನು ಹೋಲಿಸಿಯೇ ಖರೀದಿಸುವುದು.

ದುರಸ್ತಿಯ ನಂತರ 6ನೇ ಕಂಡಿಕೆಯ ಎರಡೂ ಪರೀಕ್ಷೆಗಳನ್ನು ಮತ್ತೊಮ್ಮೆ ನಡೆಸತಕ್ಕದ್ದು.

9. ಮಾಡಬಾರದ ಕೆಲಸಗಳು

(ಅ) ಪ್ರಮಾಣದ ದೋಷವನ್ನು ಮುಳ್ಳು ತಿರುಗಿಸಿ ಸರಿಪಡಿಸಲು ಯತ್ನಿಸಬಾರದು. 60ರಲ್ಲಿ ಸರಿಹೊಂದಿಸಿದ ಮುಳ್ಳು 30ರಲ್ಲಿ ತಪ್ಪು ತೋರಿಸುತ್ತದೆ.

(ಆ) ಮೀಟರ್‌ನ ಒಳಗೆ ಎಣ್ಣೆ ಬಿಡಬಾರದು.

(ಇ) ವೇಗ ನಿಯಂತ್ರಕ ಅಳವಡಿಸಿರುವ ಸಾರಿಗೆ ವಾಹನಗಳಲ್ಲಿ ಅದರ ಮುದ್ರೆಯನ್ನು ಒಡೆಯಬಾರದು.

(ಈ) ಆಟೋರಿಕ್ಷಾ ಮತ್ತು ಟ್ಯಾಕ್ಸಿಗಳ ಬಾಡಿಗೆ ಮೀಟರ್ ಕಾನೂನು ಮಾಪನಶಾಸ್ತ್ರ ಇಲಾಖೆಯ ಸತ್ಯಾಪನೆ ಮತ್ತು ಮುದ್ರೆಗೆ ಒಳಪಟ್ಟಿರುತ್ತದೆ. ಅದು ವೇಗಮಾಪಕವಲ್ಲ, ಅದರ ಮುದ್ರೆಯನ್ನು ದುರಸ್ತಿಯ ನೆಪದಲ್ಲಿ ತೆಗೆಯಬಾರದು. ಎರಡಕ್ಕೂ ಒಂದೇ ಚಾಲನೆಯಿರುವ ವಾಹನದಲ್ಲಿ ಹಲ್ಲುಚಕ್ರ ಬದಲಾಯಿಸಿದರೆ ಬಾಡಿಗೆಯ ಲೆಕ್ಕವೂ ಬದಲಾಗುವುದರಿಂದ ಮರುಸತ್ಯಾಪನೆ ಮಾಡಿಸಿಕೊಳ್ಳುವುದು.

10. ದೂರಮಾಪಕದ ಅಂಕಿಗಳ ದಾಖಲೆ

ಮೀಟರನ್ನು ಬದಲಾಯಿಸಿದಾಗ ಹಳೆಯ ಮೀಟರ್‌ನ ಕೊನೆಯ ಅಂಕಿ, ಹೊಸ ಮೀಟರ್‌ನ ಆರಂಭದ ಅಂಕಿ ಮತ್ತು ದಿನಾಂಕವನ್ನು ದುರಸ್ತಿಯ ರಸೀದಿಯಲ್ಲಿ ನಮೂದಿಸಿಕೊಂಡು ವಾಹನದ ದಾಖಲೆಗಳೊಂದಿಗೆ ಇರಿಸಿಕೊಳ್ಳುವುದು. ವಾಹನವನ್ನು ಮಾರುವಾಗ ಈ ವಿವರವನ್ನು ಖರೀದಿದಾರರಿಗೆ ಲಿಖಿತವಾಗಿ ತಿಳಿಸುವುದು. ಖರೀದಿದಾರರನ್ನು ವಂಚಿಸುವ ಉದ್ದೇಶದಿಂದ ಅಂಕಿಗಳನ್ನು ಕಡಿಮೆ ಮಾಡಿ ಮಾರಿದಲ್ಲಿ ಭಾರತೀಯ ನ್ಯಾಯ ಸಂಹಿತೆ, 2023ರ ಪ್ರಕರಣ 318ರಂತೆ ವಂಚನೆಯ ಆರೋಪಕ್ಕೆ ಗುರಿಯಾಗಬೇಕಾಗಬಹುದು.

11. ಅರ್ಜಿ ಸಲ್ಲಿಸುವವರ ಗಮನಕ್ಕೆ

11.1 ಸಾರಿಗೆ ವಾಹನಗಳ ಅರ್ಹತಾ ಪತ್ರವು ವಾಹನಕ್ಕೆ 8 ವರ್ಷ ತುಂಬುವವರೆಗೆ 2 ವರ್ಷಗಳಿಗೊಮ್ಮೆ, ಅನಂತರ ಪ್ರತಿ ವರ್ಷ ನವೀಕರಣಗೊಳ್ಳಬೇಕು. ವೇಗಮಾಪಕದ ಪರೀಕ್ಷೆಯನ್ನು ಅವಧಿ ಮುಗಿಯುವ ಸಾಕಷ್ಟು ದಿನ ಮೊದಲೇ ಮಾಡಿಕೊಳ್ಳುವುದು ಸೂಕ್ತ. ಹಳೆಯ ಮಾದರಿಗಳ ಬಿಡಿಭಾಗಗಳು ದೊರೆಯಲು ವಿಳಂಬವಾಗಬಹುದು.

11.2 ಖಾಸಗಿ ವಾಹನಗಳ ನೋಂದಣಿ ನವೀಕರಣಕ್ಕೆ ನಮೂನೆ 25ರಲ್ಲಿ ಅರ್ಜಿ ಸಲ್ಲಿಸಬೇಕು. ನೋಂದಣಿಯ ಅವಧಿ ಮುಗಿಯುವ ದಿನಕ್ಕೆ 60 ದಿನಗಳಿಗಿಂತ ಮುಂಚಿತವಾಗಿ ಅರ್ಜಿ ಸಲ್ಲಿಸುವಂತಿಲ್ಲ. ನವೀಕರಣವು 5 ವರ್ಷಗಳ ಅವಧಿಗೆ ದೊರೆಯುತ್ತದೆ.

11.3 ತಪಾಸಣೆಗೆ ಬರುವಾಗ ದುರಸ್ತಿಯ ರಸೀದಿ ಹಾಗೂ ಪರೀಕ್ಷೆಯ ಅಂಕಿಗಳ ಟಿಪ್ಪಣಿಯನ್ನು ತರುವುದು ಕಡ್ಡಾಯವಲ್ಲ. ಆದರೆ ದೋಷವು ಕಂಡುಬಂದಲ್ಲಿ ಅದರ ಮೂಲವನ್ನು ವಿವರಿಸಲು ಸಹಕಾರಿಯಾಗುತ್ತದೆ.

11.4 ನೋಂದಣಿ ಪ್ರಾಧಿಕಾರದ ಆದೇಶದಿಂದ ಬಾಧಿತರಾದವರು ಆದೇಶದ ನೋಟೀಸು ತಲುಪಿದ 30 ದಿನಗಳೊಳಗಾಗಿ ಪ್ರಕರಣ 57ರಂತೆ ಮೇಲ್ಮನವಿ ಸಲ್ಲಿಸಬಹುದು.

12. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಹಳೆಯ ಕಾರಿನ ಮೀಟರ್‌ನಲ್ಲಿ ಮೈಲಿಗಳ ಅಂಕಿ ಇದೆ. ಇದು ದೋಷವೇ?
ಉತ್ತರ: ಮಾಪಕದ ದೋಷವಲ್ಲ. ಒಂದು ಮೈಲಿ 1.609 ಕಿ.ಮೀ.ಗೆ ಸಮ. 30 ಮೈಲಿ ಎಂದರೆ 48 ಕಿ.ಮೀ., 50 ಮೈಲಿ ಎಂದರೆ 80 ಕಿ.ಮೀ. ವೇಗಮಿತಿಯ ಫಲಕಗಳು ಕಿಲೋಮೀಟರ್‌ನಲ್ಲಿರುವುದರಿಂದ ಗಾಜಿನ ಮೇಲೆ ಕಿಲೋಮೀಟರ್ ಗುರುತುಗಳನ್ನು ಅಂಟಿಸಿಕೊಳ್ಳುವುದು ಒಳ್ಳೆಯದು.

ಪ್ರಶ್ನೆ: ಮೊಬೈಲ್ ಫೋನು ವೇಗ ತೋರಿಸುತ್ತಿರುವಾಗ ಮೀಟರ್ ದುರಸ್ತಿ ಮಾಡಿಸಬೇಕೇ?
ಉತ್ತರ: ಮಾಡಿಸಬೇಕು. ನಿಯಮವು ಬಯಸುವುದು ವಾಹನಕ್ಕೆ ಅಳವಡಿಸಿದ ವೇಗಮಾಪಕವನ್ನು.

ಪ್ರಶ್ನೆ: ಮೀಟರ್ 60 ತೋರಿಸುವಾಗ ನೈಜ ವೇಗ 55 ಇದೆ. ಸರಿಪಡಿಸಬೇಕೇ?
ಉತ್ತರ: 7.5ರಲ್ಲಿ ತಿಳಿಸಿದ ಅಳತೆಗೋಲಿನ ಪ್ರಕಾರ ನೈಜ ವೇಗ 55 ಇದ್ದಾಗ ಮುಳ್ಳು 64.5ರವರೆಗೆ ಇರಬಹುದು. ಬೇರೆ ದೋಷಗಳಿಲ್ಲದಿದ್ದರೆ ಸರಿಪಡಿಸುವ ಅಗತ್ಯವಿಲ್ಲ.

ಪ್ರಶ್ನೆ: ದುರಸ್ತಿಯಾಗುವವರೆಗೆ ವಾಹನವನ್ನು ಬಳಸುವುದು ಹೇಗೆ?
ಉತ್ತರ: ಮೀಟರ್ ಕಡಿಮೆ ತೋರಿಸುತ್ತಿರುವುದು ದೃಢಪಟ್ಟಿದ್ದರೆ, ನೈಜ ವೇಗ ಮತ್ತು ಮೀಟರ್ ತೋರಿಸುವ ವೇಗಗಳ ಪಟ್ಟಿಯನ್ನು ಚಾಲಕನ ಎದುರಿಗೆ ಕಾಣುವಂತೆ ಅಂಟಿಸಿ, ದುರಸ್ತಿಗೆ ಒಯ್ಯಲು ಮಾತ್ರ ವಾಹನವನ್ನು ಬಳಸುವುದು. ಬಾಡಿಗೆಗೆ ಅಥವಾ ದೂರ ಪ್ರಯಾಣಕ್ಕೆ ಬಳಸದಿರುವುದು ಕ್ಷೇಮಕರ.

ವಾಹನ ಮಾಲೀಕರು ವರ್ಷಕ್ಕೊಮ್ಮೆಯಾದರೂ, ಹಾಗೂ ಟೈರು, ಕೇಬಲ್ ಅಥವಾ ಗೇರ್ ಪೆಟ್ಟಿಗೆಯ ಕೆಲಸ ಮಾಡಿಸಿದ ಪ್ರತಿ ಬಾರಿಯೂ, ಮೇಲಿನ ಎರಡು ಪರೀಕ್ಷೆಗಳನ್ನು ನಡೆಸುವುದು. ಶುಲ್ಕ ಮತ್ತು ನಮೂನೆಗಳ ಬಗ್ಗೆ ಹೆಚ್ಚಿನ ಮಾಹಿತಿಗಾಗಿ ತಮ್ಮ ವ್ಯಾಪ್ತಿಯ ಪ್ರಾದೇಶಿಕ ಸಾರಿಗೆ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದು.